ಮೂವತ್ತೊಂದನೆಯ ನಡೆಯ ಪಕ್ಕದ ಗುರುತು

ಈ ಪ್ರಯಾಣ ಮಾಡಿ ಹನ್ನೊಂದು ದಿನವಾಗಿದೆ. ಇದರ ವಿವರಗಳ ಬಗ್ಗೆ ನನಗೆ ಹೆಚ್ಚು ಅನುಮಾನವಿಲ್ಲ. ಆದರೆ ನಾನು ಹೊರಟದ್ದು ಹದಿನೇಳು ವರ್ಷ ಹಳೆಯ ಒಂದು ಮಧ್ಯಾಹ್ನಕ್ಕಾಗಿ, ಅದರಲ್ಲಿ ಕೆಲವನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಆ ಮಧ್ಯಾಹ್ನ ನಾನು ಹೋಗಿ ನಿಂತ ಸಭಾಂಗಣದ ಬಾಗಿಲು ಹಸಿರು ಎಂದು ಡೈರಿಯಲ್ಲಿ ಒಂದು ಕಡೆ ಬರೆದಿದ್ದೇನೆ. ಇನ್ನೊಂದು ಕಡೆ, ಬಾಗಿಲೇ ಇರಲಿಲ್ಲ, ಪರದೆ ಇತ್ತು ಎಂದಿದೆ. ಎರಡೂ ನನ್ನದೇ ಅಕ್ಷರ.

ಏಪ್ರಿಲ್‌ನ ಒಂದು ಶನಿವಾರ, ಒಂಬತ್ತೂವರೆಗೆ ರಾಜಾಜಿನಗರದ ಮನೆ ಬಿಟ್ಟೆ. ಆಗಲೇ ಬಿಸಿಲು ಚುರುಗುಟ್ಟುತ್ತಿತ್ತು. ಕೈಯಲ್ಲಿ ಬಿಸ್ಕತ್ತಿನ ಹಳೆಯ ತಗಡಿನ ಡಬ್ಬ. ಮನೆಗೆ ಸುಣ್ಣಬಣ್ಣ ಮಾಡಿಸಲು ಅಟ್ಟ ಖಾಲಿ ಮಾಡುವಾಗ ಸಿಕ್ಕಿದ್ದು. ಅದರ ತುಂಬ ನನ್ನ ಅಣ್ಣ ನಾಗೇಶ ಆಡಿದ ಚೆಸ್ ಆಟಗಳ ಹಾಳೆಗಳು. ಪಂದ್ಯದಲ್ಲಿ ಆಟಗಾರರು ಪ್ರತಿ ನಡೆಯನ್ನೂ ಬರೆದುಕೊಳ್ಳಬೇಕು. ಮೇಲಿನ ಹಾಳೆ ಸಂಘಟಕರಿಗೆ, ಕಾರ್ಬನ್ ಪ್ರತಿ ಆಟಗಾರನಿಗೆ. ಬಿನ್ನಿಪೇಟೆಯ ಗಿರಣಿಯಲ್ಲಿ ಗುಮಾಸ್ತರಾಗಿದ್ದ ಅಪ್ಪ, ಒಂದೊಂದು ಪಂದ್ಯಾವಳಿಯ ಪ್ರತಿಗಳನ್ನೂ ಗಿರಣಿಯ ನೂಲಿನಿಂದ ಕಟ್ಟಿಡುತ್ತಿದ್ದರು. ಕಟ್ಟುವ ಮೊದಲು ಎಲ್ಲ ಆಟವನ್ನೂ ಮಣೆಯ ಮೇಲೆ ತಾವೇ ಮತ್ತೆ ಆಡಿ ನೋಡುತ್ತಿದ್ದರು. ಡಬ್ಬದಲ್ಲಿ ಮೇಲಿದ್ದ ಕೊನೆಯ ಕಟ್ಟಿಗೆ ಮಾತ್ರ ನೂಲಿರಲಿಲ್ಲ.

ಫೋನ್ ಮಾಡಿದಾಗ ಅಣ್ಣ, "ರದ್ದಿಗೆ ಹಾಕು" ಎಂದಿದ್ದ.

ಮೆಟ್ರೋ ನಿಲ್ದಾಣದಲ್ಲಿ ತಪಾಸಣೆಯ ಹುಡುಗಿ ಡಬ್ಬ ತೆರೆಸಿದಳು. "ಇದೇನ್ ಮೇಡಂ, ಕೋಡ್ ಲ್ಯಾಂಗ್ವೇಜಾ?"

"ಚೆಸ್ ಆಟದ್ದು. ನಮ್ಮಣ್ಣಂದು."

"ಗೆದ್ದಿದಾರಾ?"

"ಬಹಳ ಸಲ."

"ಸೂಪರ್. ಹೋಗಿ."

ಮೆಜೆಸ್ಟಿಕ್‌ನಲ್ಲಿ ಇಳಿದು, ಅಣ್ಣನಿರುವ ಕೆಂಗೇರಿ ಕಡೆಯ ಗಾಡಿ ಹತ್ತಿದೆ. ಕೂರಲು ಜಾಗ ಸಿಕ್ಕಿತು. ಕೊನೆಯ ಕಟ್ಟಿನ ಕೊನೆಯ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡೆ.

ಆ ಆಟ ಗೆದ್ದಿದ್ದರೆ ಅಣ್ಣ ಗ್ರ್ಯಾಂಡ್‌ಮಾಸ್ಟರ್ ಆಗುತ್ತಿದ್ದ. ಆ ಪದವಿಗೆ ಮೂರು ಪಂದ್ಯಾವಳಿಗಳಲ್ಲಿ ನಿಗದಿತ ಮಟ್ಟದ ಆಟ ತೋರಬೇಕು. ಎರಡು ಆಗಿತ್ತು, ಮೂರನೆಯದು ವಿಜಯನಗರದ ಒಂದು ಕಲ್ಯಾಣ ಮಂಟಪದಲ್ಲಿ, ಕೊನೆಯ ಸುತ್ತಿನಲ್ಲಿ ಕಾದಿತ್ತು. ಅದೇ ಬೆಳಿಗ್ಗೆ ಅಪ್ಪನಿಗೆ ಎದೆನೋವು ಬಂದು ಬಸವೇಶ್ವರನಗರದ ಆಸ್ಪತ್ರೆಗೆ ಸೇರಿಸಿದೆವು. ಆಟದ ಹೊತ್ತಿನಲ್ಲಿ ಫೋನ್ ಆಫ್ ಇರುವುದರಿಂದ ನಾನೇ ಹೋಗಬೇಕಾಯಿತು. ಅಪ್ಪ ನನ್ನ ಕೈ ಹಿಡಿದು, "ಆಟ ಮುಗಿಯೋ ತನಕ ಹೇಳ್ಬೇಡ ಕಣೇ" ಎಂದರು. ನಾನು ಹೇಳಲಿಲ್ಲ. ಆದರೆ ಬಾಗಿಲಲ್ಲಿ ನಿಂತುಕೊಂಡೆ. ಎಂದೂ ಅಣ್ಣನ ಆಟ ನೋಡಲು ಹೋಗದಿದ್ದ ನಾನು, ಅತ್ತ ಮುಖ ಹೊತ್ತು, ಅವನಿಗೆ ಕಾಣುವಂತೆ ನಿಂತಿದ್ದೆನೇ? ಅಣ್ಣನಿಗೆ ಒಂದು ಕುದುರೆ ಹೆಚ್ಚಿದ್ದ ಆಟ ಅದು. ಅವನೇ ಡ್ರಾ ಕೇಳಿದ. ಎದುರಾಳಿ ನಂಬಲಾರದೆ ಕೈಕುಲುಕಿದ. ನಾವು ಆಸ್ಪತ್ರೆ ತಲುಪುವಷ್ಟರಲ್ಲಿ ಅಪ್ಪ ಹೋಗಿದ್ದರು.

ಡ್ರಾ ಕೇಳಿದ ಕಡೆ ಹಾಳೆಯಲ್ಲಿ ಕಂಸದೊಳಗೆ ಸಮ ಚಿಹ್ನೆ ಹಾಕುವುದು ನಿಯಮ. ಮೂವತ್ತೊಂದನೆಯ ನಡೆಯ ಪಕ್ಕ ಅದು ಇತ್ತು, ಮಸುಕು ನೀಲಿಯಲ್ಲಿ. ಯಾವ ನಡೆ ಎಂದು ಹಾಳೆ ಹೇಳುತ್ತದೆ. ನಾನು ಬಂದಾಗ ಎಷ್ಟನೆಯ ನಡೆ ನಡೆಯುತ್ತಿತ್ತು ಎಂದು ಹೇಳುವುದಿಲ್ಲ.

ವಿಜಯನಗರದಲ್ಲಿ ಇಳಿದುಬಿಟ್ಟೆ. ನಿಲ್ದಾಣದ ಕೆಳಗೆ ನಿಂತೇ ಎರಡು ಇಡ್ಲಿ ತಿಂದು, ಆ ಮಂಟಪವನ್ನು ಹುಡುಕುತ್ತಾ ಹತ್ತು ನಿಮಿಷ ನಡೆದೆ. ಹಿಂದಿನ ದಿನದ ಮದುವೆಯ ಹೂವನ್ನು ಒಬ್ಬ ಹೆಂಗಸು ಗುಡಿಸುತ್ತಿದ್ದರು.

"ಬುಕಿಂಗಾ ಮೇಡಂ? ಮೇ ತಿಂಗಳು ಫುಲ್ಲು."

"ಬುಕಿಂಗ್ ಅಲ್ಲಮ್ಮ. ಮುಂಚೆ ಇಲ್ಲಿ ಚೆಸ್ ಆಡ್ತಿದ್ರು, ಒಳಗೆ ನೋಡಬಹುದಾ?"

"ಚೆಸ್ಸಾ? ನಾನು ಬಂದ್ಮೇಲೆ ಬರೀ ಇಸ್ಪೀಟೇ ನೋಡಿರೋದು, ಅದೂ ಗಂಡಿನ ಕಡೆಯೋರು. ನೋಡಿ, ಚಪ್ಪಲಿ ಅಲ್ಲೇ ಬಿಡಿ."

ಒಳಗೆ ಎರಡು ಬಾಗಿಲುಗಳಿದ್ದವು. ಎರಡೂ ಕಂದು. ಮುಂದಿನ ಬಾಗಿಲಲ್ಲಿ ನಿಂತರೆ, ಅವತ್ತು ಅಣ್ಣ ಆಡಿದ ಮೊದಲ ಮೇಜುಗಳನ್ನು ಹಾಕಿದ್ದ ವೇದಿಕೆ ನೇರ ಕಾಣುತ್ತದೆ. ಊಟದ ಮನೆ ಕಡೆಯ ಬಾಗಿಲಲ್ಲಿ ನಿಂತರೆ ಕಂಬ ಅಡ್ಡ. ಎರಡು ಕಡೆಯೂ ನಿಂತು ನೋಡಿದೆ. ಎರಡು ಕಡೆಯೂ, ಇದೇ ಜಾಗ ಎನ್ನಿಸಿತು.

"ಏನಾದ್ರೂ ಕಳ್ಕೊಂಡಿದ್ರಾ ಇಲ್ಲಿ?" ಎಂದರು ಆಕೆ.

"ಗೊತ್ತಿಲ್ಲ" ಎಂದೆ. ಅವರು ಪೊರಕೆ ಹಿಡಿದು ನನ್ನನ್ನೇ ನೋಡುತ್ತಾ ನಿಂತರು.

ಕೆಂಗೇರಿ ತಲುಪಿದಾಗ ಹನ್ನೆರಡೂಕಾಲು. ಉಪನಗರಕ್ಕೆ ಆಟೋದವನು ಅರವತ್ತು ರೂಪಾಯಿ ಕೇಳಿದ, ಚೌಕಾಸಿ ಮಾಡಲಿಲ್ಲ. ಟೈಲರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಅಣ್ಣ ಆರು ಮಕ್ಕಳಿಗೆ ಪಾಠ ಮಾಡುತ್ತಿದ್ದ. ಎರಡು ಜಡೆಯ ಹುಡುಗಿಯೊಬ್ಬಳು ಆನೆಯನ್ನು ಮುಟ್ಟಿ ಕೈ ಹಿಂದಕ್ಕೆ ತೆಗೆದುಕೊಂಡಳು.

"ಮುಟ್ಟಿದ್ಯಲ್ಲ, ಆಡು."

"ಸಾರ್, ಸುಮ್ನೆ ಕೈ ತಾಗ್ತು."

"ಸುಮ್ನೆ ಯಾರ ಕೈಯೂ ತಾಗಲ್ಲಮ್ಮ. ಆಡು."

ಮಕ್ಕಳು ಹೋದ ಮೇಲೆ ಹಿಂದಿನ ಬೀದಿಯಲ್ಲಿದ್ದ ಮನೆಗೆ ನಡೆದೆವು. ಅತ್ತಿಗೆ ಊರಿಗೆ ಹೋಗಿದ್ದರು. ಅಣ್ಣನೇ ಅನ್ನ, ಟೊಮೆಟೊ ಸಾರು ಮಾಡಿಟ್ಟಿದ್ದ. ಉಪ್ಪು ಸ್ವಲ್ಪ ಮುಂದು. ಊಟವಾದ ಮೇಲೆ ಡಬ್ಬ ಮುಂದಿಟ್ಟೆ.

"ರದ್ದಿಗೆ ಹಾಕು ಅಂದಿದ್ನಲ್ಲೇ."

"ಆಗ್ಲಿಲ್ಲ."

"ನೀನು ಹಳೇ ಕ್ಯಾಲೆಂಡರೇ ಎಸೆಯೋಳಲ್ಲ, ಬಿಡು." ಹಾಗೆಂದರೂ ಕಟ್ಟುಗಳನ್ನು ಒಂದೊಂದಾಗಿ ಎತ್ತಿದ. ನೂಲಿನ ಬಣ್ಣ ನೋಡಿಯೇ ಆಡಿದ ಊರು ಹೇಳುತ್ತಿದ್ದ. "ಇದು ನಾಗಪುರ. ಏಳು ಜನಕ್ಕೆ ಒಂದು ರೂಮು, ಎರಡು ಮಂಚ."

"ನಿನಗೆ ಮಂಚ ಸಿಗ್ತಿತ್ತಾ?"

"ಅವತ್ತು ಗೆದ್ದೋರಿಗೆ ಮಂಚ. ಸೋತೋರು ಬಾತ್‌ರೂಮ್ ಬಾಗಿಲ ಹತ್ರ." ನಕ್ಕ. "ಹೆಚ್ಚಾಗಿ ಮಂಚದ ಮೇಲೇ ಮಲಗಿದೀನಿ ಕಣೇ."

ನೂಲಿಲ್ಲದ ಕಟ್ಟು ಬಂತು. ಕೊನೆಯ ಹಾಳೆಯನ್ನು ಮೊಣಕಾಲ ಮೇಲೆ ಹರಡಿ, ಬೆರಳಿಟ್ಟು ಓದುತ್ತಾ ಇಳಿದ. ಒಂದು ಕಡೆ, "ಇದು ಒಳ್ಳೇ ನಡೆ. ಅಪ್ಪ ನೋಡಿದ್ರೆ ಎದ್ದು ನಿಂತ್ಕೊಳ್ತಿದ್ರು" ಎಂದ. ಸಮ ಚಿಹ್ನೆಯ ಮೇಲೆ ಬೆರಳು ನಿಂತಿತು. ಆಮೇಲೆ ನಾಗಪುರದ ಕಟ್ಟಿನಲ್ಲಿ ಹೆಚ್ಚಾಗಿ ಇಳಿಬಿದ್ದಿದ್ದ ನೂಲನ್ನು ಹಲ್ಲಿನಿಂದ ಕಡಿದು, ಈ ಹಾಳೆಗಳಿಗೆ ಸುತ್ತಿದ. ಗಂಟು ಅಪ್ಪ ಹಾಕುತ್ತಿದ್ದಂತೆಯೇ, ಎರಡು ಸುತ್ತಿನದು. ಡಬ್ಬವನ್ನು ಕಪಾಟಿನ ಮೇಲಿಟ್ಟ.

ನಾಲ್ಕು ಗಂಟೆಗೆ ಹೊರಟೆ. ಗೇಟಿನವರೆಗೆ ಬಂದ. ಹದಿನೇಳು ವರ್ಷ ಕೇಳದೆ ಉಳಿಸಿಕೊಂಡದ್ದನ್ನು ಆಟೋ ಹತ್ತಿದ ಮೇಲೆ ಕೇಳಿದೆ.

ಅವನು ಬಗ್ಗಿ ಆಟೋದವನಿಗೆ, "ಮೆಟ್ರೋ ಹತ್ರ ಬಿಡಪ್ಪ, ನಿಧಾನವಾಗಿ ಹೋಗು" ಎಂದ. ತಿರುವಿನಲ್ಲಿ ಹಿಂದಿರುಗಿ ನೋಡಿದಾಗ ಇನ್ನೂ ಅಲ್ಲೇ ನಿಂತಿದ್ದ, ಗೇಟಿನ ಚಿಲಕದ ಮೇಲೆ ಕೈಯಿಟ್ಟುಕೊಂಡು.

ಆಮೇಲೆ ಎರಡು ಸಲ ಫೋನಿನಲ್ಲಿ ಮಾತಾಡಿದ್ದೇವೆ. ಬಿಸಿಲು, ಮಕ್ಕಳ ಟೂರ್ನಮೆಂಟು, ಅತ್ತಿಗೆ ತಂದ ಹಲಸಿನ ಹಪ್ಪಳ. ನಾನು ಅವತ್ತು ಕೇಳಿದ್ದು ಇಷ್ಟೇ: "ಅಣ್ಣ, ಆ ಗುರುತು ಹಾಕೋ ಮುಂಚೆ ನೀನು ತಲೆ ಎತ್ತಿ ಬಾಗಿಲ ಕಡೆ ನೋಡಿದ್ಯಾ?"