ಚಂಚಿಯೊಳಗಿನ ಗಾಳ

ನನಗೆ ಕೂಡಲು ಬರುವುದಿಲ್ಲ. ಇದು ನಮ್ಮ ತಂದೆಯಿಂದ ಬಂದ ಆಸ್ತಿ. ಅವರು ಧಾರವಾಡದಲ್ಲಿ ಶಾಲೆಯ ಮಾಸ್ತರರಾಗಿದ್ದರು. ಅಷ್ಟು ವರ್ಷಗಳಲ್ಲಿ ಒಂದು ದಿನವೂ ಅವರು ಕುರ್ಚಿಯ ಮೇಲೆ ಕೂತು ಪಾಠ ಹೇಳಿದ್ದನ್ನು ಯಾರೂ ನೋಡಿಲ್ಲ. ಊಟಕ್ಕೆ ಕೂತರೂ ಅವರದೊಂದು ಮೊಣಕಾಲು ಕುಣಿಯುತ್ತಲೇ ಇರುತ್ತಿತ್ತು. ನಾನು ಪುಣೆ ಕ್ಯಾಂಪಿನ ಮಿಲಿಟರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದೆ. ನೀರು ಕುಡಿಯುವ ನೆಪದಲ್ಲಿ ಗಂಟೆಗೊಮ್ಮೆ ಏಳುತ್ತಿದ್ದೆ. "ಸರಕಾರ ನಿಮ್ಮನ್ನ ಕೊಡ ಕಾಯಲಿಕ್ಕೆ ಇಟ್ಟದ ಏನ್ರಿ?" ಎಂದು ನಮ್ಮ ಕಡೆಯವರೇ ಆದ ಹೆಡ್ ಕ್ಲಾರ್ಕರು ಹಂಗಿಸುತ್ತಿದ್ದರು.

ಯುದ್ಧ ಶುರುವಾಗುವುದಕ್ಕೆ ಮುಂಚಿನ ಮಾತು. ಕಚೇರಿಯ ಸಾಹೇಬನೊಬ್ಬ ಕಾಯಮ್ಮಾಗಿ ವಿಲಾಯತಿಗೆ ಹೊರಟ. ಹೋಗುವ ದಿನ ತನ್ನ ಗಾಳದ ಪೆಟ್ಟಿಗೆಯನ್ನು ತಂದು ನನ್ನ ಮೇಜಿನ ಮೇಲಿಟ್ಟ. "ನದಿ ದಂಡೆಯಲ್ಲಿ ಕೂತು ನೋಡು, ನಿನ್ನ ಕಾಲಿನ ಕುಣಿತ ನಿಲ್ಲುತ್ತದೆ" ಎಂದ. ನಮ್ಮದು ಮೀನು ಮುಟ್ಟದ ಮನೆ ಎಂದು ಅವನಿಗೆ ಹೇಳಬೇಕಿತ್ತು. ಹೇಳಲಿಲ್ಲ. ತಗಡಿನ ಆ ದೊಡ್ಡ ಪೆಟ್ಟಿಗೆಯ ಮುಚ್ಚಳ ತೆಗೆದರೆ ಒಳಗಿನ ತಟ್ಟೆಗಳು ಒಂದರ ಮೇಲೊಂದು ಮೆಟ್ಟಿಲಿನ ಹಾಗೆ ಎದ್ದು ನಿಲ್ಲುತ್ತಿದ್ದವು. ಮೀನನ್ನು ಮರುಳು ಮಾಡುವ ಹೊಳೆಯುವ ತಗಡಿನ ಮೀನುಗಳು, ಕೋಳಿಪುಕ್ಕದ ನೊಣಗಳು, ನೂರಾರು ಕೊಕ್ಕೆಗಳು, ದಾರ ಸುತ್ತುವ ಹಿತ್ತಾಳೆಯ ರಾಟೆ, ಇಕ್ಕಳ, ಸೀಸದ ಗುಂಡು. ನೋಡಿದ ಕೂಡಲೇ ಪೆಟ್ಟಿಗೆಯನ್ನು ನನ್ನ ಕಡೆಗೆ ಎಳೆದುಕೊಂಡೆ.

ಧಾರವಾಡ ಬಿಟ್ಟು ಬರುವಾಗ ತಂದೆ ನನಗೆ ಎರಡು ಕೊಟ್ಟಿದ್ದರು. ಒಂದು, ತಾವು ಬಳಸುತ್ತಿದ್ದ ಎಲೆ-ಅಡಿಕೆಯ ಚಂಚಿ. ನಾಲ್ಕು ಕಿಸೆಯ, ಸುತ್ತಿ ದಾರ ಕಟ್ಟುವ, ಕೆಂಪು ಬಟ್ಟೆಯ ಚೀಲ. ಇನ್ನೊಂದು ಎಚ್ಚರಿಕೆಯ ಮಾತು. "ಕ್ಯಾಂಪಿನಾಗ ಏನೇನರ ತಿಂತಾರಂತ. ನಿನ್ನ ಮನ್ಯಾಗ ಜೀವಹಿಂಸಾ ಆತು ಅಂತ ಗೊತ್ತಾದ್ರ ನಾ ಅಲ್ಲಿ ನೀರೂ ಮುಟ್ಟಾಂವಲ್ಲ." ನಾನು ಮೀನು ತಿಂದವನಲ್ಲ. ತಿನ್ನುವುದೂ ಇಲ್ಲ. ಆದರೆ ಹಿಡಿದೆ.

ರವಿವಾರ ಬೆಳಗ್ಗೆ ಪೆಟ್ಟಿಗೆಯನ್ನು ಸೈಕಲ್ಲಿನ ಹಿಂದೆ ಬಿಗಿದು ನದಿಯ ಒಡ್ಡಿನ ಕೆಳಗಿನ ದಂಡೆಗೆ ಹೋಗುತ್ತಿದ್ದೆ. ಅಲ್ಲಿ ಹೋಗಿಯಾದರೂ ಕೂತೆನೇ? ಇಲ್ಲ. ತಗಡಿನ ಮೀನು ಕಟ್ಟಿ ಎಸೆದು ಐದು ನಿಮಿಷಕ್ಕೆ ಅದನ್ನು ಬಿಚ್ಚಿ ಪುಕ್ಕದ ನೊಣ ಕಟ್ಟುತ್ತಿದ್ದೆ. ನೊಣ ಸರಿಯಿಲ್ಲ ಎನ್ನಿಸಿ ಸಣ್ಣ ಕೊಕ್ಕೆ. ಸಣ್ಣದಾಯಿತೆಂದು ದೊಡ್ಡದು. ಪೆಟ್ಟಿಗೆಯಲ್ಲಿ ಇನ್ನೂ ಏನೋ ಒಂದು ಇದೆ, ಅದನ್ನು ಹಾಕಿದ್ದರೆ ಬೀಳುತ್ತಿತ್ತು ಎಂಬ ತಳಮಳ. ನನ್ನಿಂದ ಹತ್ತು ಮಾರು ದೂರದಲ್ಲಿ ಒಬ್ಬ ಮುದಿ ಭೋಯಿ, ಮೀನು ಹಿಡಿದೇ ಬದುಕುವವನು, ಒಂದು ಬಿದಿರು ಕೋಲು, ಒಂದು ಕೊಕ್ಕೆ ಇಟ್ಟುಕೊಂಡು ಬುಟ್ಟಿ ತುಂಬಿಸುತ್ತಿದ್ದ. ಮೂರನೆಯ ರವಿವಾರ ಅವನು ಮರಾಠಿಯಲ್ಲಿ ಕೇಳಿದ: "ಸಾಹೇಬರು ಇಲ್ಲಿ ಮೀನು ಹಿಡಿಯಲು ಬರುತ್ತೀರೋ, ಅಂಗಡಿ ಹಾಕಲು ಬರುತ್ತೀರೋ?"

ಸಿಟ್ಟು ಬಂತು. ನನಗೆ ಬೇಗ ಬರುತ್ತದೆ. ಮನೆಗೆ ಬಂದವನೇ ಪೆಟ್ಟಿಗೆಯನ್ನು ನೆಲದ ಮೇಲೆ ಬೋರಲು ಹಾಕಿದೆ. ಕೊಕ್ಕೆಗಳು ಚೆಲ್ಲಾಪಿಲ್ಲಿಯಾದವು. ನನ್ನ ಹೆಂಡತಿ ಸೀರೆಯ ನಿರಿಗೆ ಎತ್ತಿ ಹಿಡಿದು ಬಾಗಿಲಲ್ಲೇ ನಿಂತಳು. ಅವಳಿಗೆ ಎಲ್ಲ ಗೊತ್ತಿತ್ತು; ಅವಳ ಡಬ್ಬಿಯ ಇಂಗು ಯಾಕೆ ಬೇಗ ತೀರುತ್ತದೆ ಎನ್ನುವುದು ಸಹ. ಇಂಗು ಬೆರೆಸಿದ ಕಣಕದ ಹಿಟ್ಟಿಗೆ ಮೀನು ಓಡಿ ಬರುತ್ತದೆ.

"ಇದನ್ನೆಲ್ಲಾ ಒಗೀತೀರೇನು?" ಎಂದು ಆಸೆಯಿಂದ ಕೇಳಿದಳು.

"ಕಡಿಮಿ ಮಾಡ್ತೀನಿ" ಎಂದೆ.

ಕಡಿಮೆ ಮಾಡುವುದು ಸುಲಭವಲ್ಲ. ಒಂದೊಂದನ್ನೂ ಕೈಗೆತ್ತಿಕೊಂಡಾಗ ಅದೇ ಬೇಕಾಗುವ ದಿನವೊಂದು ಕಣ್ಣಿಗೆ ಕಟ್ಟುತ್ತಿತ್ತು. ಮಧ್ಯಾಹ್ನದವರೆಗೆ ಬದಿಗಿಟ್ಟಿದ್ದನ್ನು ತಿರುಗಿ ಎತ್ತಿಕೊಂಡೆ, ಎತ್ತಿಕೊಂಡಿದ್ದನ್ನು ಬದಿಗಿಟ್ಟೆ. ಕೊನೆಗೆ ಗೂಟಕ್ಕೆ ತೂಗುಹಾಕಿದ್ದ ತಂದೆಯ ಚಂಚಿ ಕಂಡಿತು. ಎಲೆ ಮೆಲ್ಲುವ ಚಟ ನನಗಿರಲಿಲ್ಲ, ಅದು ಖಾಲಿಯೇ ತೂಗುತ್ತಿತ್ತು. ಇದರಲ್ಲಿ ಹಿಡಿಸಿದಷ್ಟೇ ನನ್ನದು ಎಂದುಕೊಂಡೆ. ಎಲೆ ಇಡುವ ದೊಡ್ಡ ಕಿಸೆಗೆ ಒಂದು ಸುತ್ತು ದಾರ. ಅಡಿಕೆಯ ಕಿಸೆಗೆ ಬೆಂಡಿನ ಚೂರು ಮತ್ತು ನಾಲ್ಕು ಸೀಸದ ಗುಂಡು. ತಂಬಾಕಿನ ಕಿಸೆಗೆ ಹಿಟ್ಟಿನ ಉಂಡೆ. ಸುಣ್ಣದ ಡಬ್ಬಿ ಇಡುವ ಸಣ್ಣ ಕಿಸೆಗೆ ಆರು ಕೊಕ್ಕೆ, ಒಂದು ಚಿಂದಿಗೆ ಚುಚ್ಚಿ. ಉಳಿದದ್ದನ್ನೆಲ್ಲ ಇಕ್ಕಳದ ಸಮೇತ ಪೆಟ್ಟಿಗೆಗೆ ತುಂಬಿ ಕೆಳಗಿನ ಮನೆಯ ಗೋವೆಯ ದರ್ಜಿಗೆ ಕೊಟ್ಟೆ. ಅವನು ಮೀನಿನ ಸಾಮಾನನ್ನು ಯಾರಿಗೋ ದಾಟಿಸಿ, ತಟ್ಟೆಗಳಲ್ಲಿ ಗುಂಡಿ ಮತ್ತು ದಾರದ ಉಂಡೆ ಇಟ್ಟುಕೊಂಡ. ಇಕ್ಕಳ ಮಾತ್ರ ಅವನ ಗೋಡೆಯ ಮೊಳೆಗೆ ಜೋತುಬಿತ್ತು.

ಮುಂದಿನ ರವಿವಾರ ಚಂಚಿಯನ್ನು ಕೋಟಿನ ಕಿಸೆಯಲ್ಲಿಟ್ಟುಕೊಂಡು ಹೋದೆ. ದಂಡೆಯಲ್ಲಿ ಬಿದಿರು ಕಡಿದುಕೊಂಡೆ, ಗಾಳ ಇಳಿಬಿಟ್ಟೆ. ಬದಲಿಸಲು ಏನೂ ಇರಲಿಲ್ಲ. ಮೊದಲು ಮೈಯೆಲ್ಲ ತುರಿಸಿತು. ಎದ್ದು ಹೋಗಲೇ ಎನ್ನಿಸಿತು. ಆಮೇಲೆ ದಾರ ಬೆರಳಿಗೆ ತಾಗಿ ಮೆಲ್ಲಗೆ ನಡುಗಿತು, ನಾನು ಉಸಿರು ಹಿಡಿದೆ. ತಲೆಯೆತ್ತಿ ನೋಡಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಇಡೀ ಮುಂಜಾನೆ ನಾನು ಒಂದೇ ಕಡೆ ಕೂತಿದ್ದೆ! ಸಿಕ್ಕ ಮೀನನ್ನು ಭೋಯಿಯ ಬುಟ್ಟಿಗೆ ಹಾಕಿದೆ. ಆ ವರ್ಷವೆಲ್ಲ ವಾರದ ಆರು ದಿನ ಚಡಪಡಿಸಿದೆ, ಏಳನೆಯ ದಿನ ಕೂತೆ.

ಅಷ್ಟರಲ್ಲಿ ತಂದೆಯ ಕಣ್ಣಿನ ಮಾತು ಬಂತು. ಅವರ ಒಂದು ಕಣ್ಣು ಊರೂರು ತಿರುಗುವ ವೈದ್ಯನೊಬ್ಬನ ಸೂಜಿಗೆ ಆಗಲೇ ಬಲಿಯಾಗಿತ್ತು. ಉಳಿದ ಕಣ್ಣಿಗೂ ಪೊರೆ ಬಂದು, ಬೆಳಕು ಕತ್ತಲೆಗಿಂತ ಹೆಚ್ಚೇನೂ ತಿಳಿಯುತ್ತಿರಲಿಲ್ಲ. ಪುಣೆಯ ದೊಡ್ಡ ದವಾಖಾನೆಯಲ್ಲಿ ಪೊರೆ ತೆಗೆಯುತ್ತಾರೆ ಬನ್ನಿ ಎಂದು ನಾನು ಬರೆದ ಕಾಗದಗಳಿಗೆ ಎರಡು ವರ್ಷ ಒಂದಿಲ್ಲೊಂದು ನೆಪ ಹೇಳಿದರು. ಕೊನೆಗೆ ಒಪ್ಪಿ ಬಂದರು. ನಾನೇ ಹೋಗಿ ಕರೆತಂದೆ. ಡಾಕ್ಟರರು ನೋಡಿ, "ಸೋಮವಾರ ಮಾಡೋಣ" ಎಂದರು. ಆಮೇಲೆ ಹತ್ತು ದಿನ ಎರಡೂ ಕಣ್ಣಿಗೆ ಪಟ್ಟಿ, ತಲೆಯ ಎರಡೂ ಬದಿಗೆ ಉಸುಕಿನ ಚೀಲ, ಅಂಗಾತ ಮಲಗಬೇಕು. ಮೊದಲ ಕೆಲವು ದಿನವಂತೂ ತಟ್ಟನೆ ಎದ್ದರೆ, ಹೊರಳಿದರೆ ಕಣ್ಣು ಹೋಯಿತು ಅಂತಲೇ ತಿಳಿಯಿರಿ ಎಂದರು. ಟಾಂಗಾದಲ್ಲಿ ವಾಪಸು ಬರುವಾಗ ತಂದೆಯ ಮೊಣಕಾಲು ನನ್ನ ಮೊಣಕಾಲಿಗೆ ಬಡಿಯುತ್ತಲೇ ಇತ್ತು.

"ಆ ಚಂಚಿ ಮೊದಲ ಅಲ್ಲಿಂದ ತಗೀರಿ" ಎಂದು ಹೆಂಡತಿ ಒಲೆಯ ಮುಂದೆ ಪಿಸುಗುಟ್ಟಿದಳು.

"ಅವರಿಗೆ ಗ್ವಾಡಿ ಸೈತ ಕಾಣಸೂದಿಲ್ಲ. ಚಂಚಿ ಎಲ್ಲಿ ಕಾಣಸ್ತದ" ಎಂದೆ.

ಈ ಮಾತಿಗೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ. ನಮ್ಮ ಕಡೆ ಗೂಟದ ಮೇಲಿನ ಚಂಚಿ ಮನೆಮಂದಿಗೆಲ್ಲ ಸೇರಿದ್ದು. ಬೇಕಾದವರು ಕೇಳದೆ ತೆಗೆದುಕೊಳ್ಳುತ್ತಾರೆ, ಯಾರೂ ಬೇಡ ಎನ್ನುವುದಿಲ್ಲ. ಶನಿವಾರ ಊಟವಾದ ಮೇಲೆ ತಂದೆ ಕೈ ತೊಳೆದು, ಗೋಡೆ ತಡವುತ್ತ ಹೋದವರು ಗೂಟಕ್ಕೆ ಕೈ ತಾಗಿದಾಗ ನಿಂತರು. ನಾನು ಆಚೆ ಕೋಣೆಯಲ್ಲಿ ಅಂಗಿ ತೊಡುತ್ತಿದ್ದೆ. ಅವರ ನಗುವಿನ ದನಿ ಕೇಳಿಸಿತು.

"ನನ್ನ ಚಂಚಿ! ಇನ್ನೂ ಇಟ್ಟೀಯಲ್ಲೋ ತಮ್ಮಾ. ಇಂಗಿನ ವಾಸನಿ ಯಾಕ ಬರ್ತದ ಇದಕ್ಕ?"

ಓಡಿ ಬಂದೆ. ಅವರ ಬೆರಳಿಗೆ ಆ ಚಂಚಿ ಕಣ್ಣಿಗಿಂತ ಚೆನ್ನಾಗಿ ಗೊತ್ತಿತ್ತು. ಸುಣ್ಣದ ಡಬ್ಬಿ ಹುಡುಕುತ್ತ ನೇರ ಸಣ್ಣ ಕಿಸೆಗೆ ಹೆಬ್ಬೆರಳು ಇಳಿಸಿದ್ದರು. ಕೊಕ್ಕೆ ಒಳಗೆ ಹೊಕ್ಕಿತ್ತು. ಗಾಬರಿಯಾಗಿ ಕೈ ಎಳೆದುಕೊಂಡಿದ್ದರಿಂದ ಮೊನೆಯ ಹಿಮ್ಮುಖ ಮುಳ್ಳಿನ ತನಕ ಇಳಿದಿತ್ತು.

"ಏನೋ ಇದು?"

"ಸೂಜಿ ಅಪ್ಪಾ. ಗುಂಡಿ ಹಚ್ಚೂ ಸೂಜಿ" ಎಂದೆ. ಸೂಜಿಯಿಂದಲೇ ಕಣ್ಣು ಕಳೆದುಕೊಂಡವರ ಮುಂದೆ ನನಗೆ ಹೊಳೆದ ಸುಳ್ಳು ಅದು.

ಸೂಜಿಯಾದರೆ ಹಿಂದಕ್ಕೆ ಎಳೆದರೆ ಬಂತು. ಗಾಳದ ಕೊಕ್ಕೆ ಹಾಗೆ ಬರುವುದಿಲ್ಲ. ಎಳೆದರೆ ಮುಳ್ಳು ಮಾಂಸವನ್ನು ಹರಿದು ತರುತ್ತದೆ. ಅದನ್ನು ಬಂದ ದಾರಿಯಲ್ಲೇ ಇನ್ನಷ್ಟು ಮುಂದಕ್ಕೆ ಒತ್ತಿ, ಮೊನೆಯನ್ನು ಇನ್ನೊಂದು ಕಡೆಯಿಂದ ಹೊರಗೆ ತಂದು, ಮುಳ್ಳನ್ನು ಕತ್ತರಿಸಿ, ಆಮೇಲೆ ಹಿಂದಕ್ಕೆ ಎಳೆಯಬೇಕು. ಕತ್ತರಿಸಲು ಇಕ್ಕಳ ಬೇಕು. ಇಕ್ಕಳವನ್ನು ದಾನ ಮಾಡಿದ್ದೆ. "ಅಳ್ಳಾಡಬ್ಯಾಡ್ರಿ ಅಪ್ಪಾ, ಎಳೀಬ್ಯಾಡ್ರಿ" ಎಂದು ಕೂಗಿ ಬರಿಗಾಲಲ್ಲಿ ಮೆಟ್ಟಿಲಿಳಿದು ಓಡಿದೆ. ದರ್ಜಿಯ ಗೋಡೆಯಿಂದ ಇಕ್ಕಳ ಕಿತ್ತುಕೊಂಡು ಬಂದಾಗ ತಂದೆ ನೆಲದ ಮೇಲೆ ಕೂತು, ಎಡಗೈ ಬೆರಳಿನಿಂದ ಆ ಕೊಕ್ಕೆಯ ಬಾಗನ್ನು ಮೆಲ್ಲಗೆ ಸವರುತ್ತಿದ್ದರು. ಹೆಂಡತಿ ಅರಿಶಿನದ ಬಟ್ಟಲು ಹಿಡಿದು ಗೋಡೆಗೆ ಆತು ನಿಂತಿದ್ದಳು.

ಹಿಂದಕ್ಕೆ ಎಳೆದರೆ ನನ್ನ ಸುಳ್ಳು ಉಳಿಯುತ್ತಿತ್ತು, ಅವರ ಬೆರಳು ಉಳಿಯುತ್ತಿರಲಿಲ್ಲ. ನಾನು ಮುಂದಕ್ಕೇ ಒತ್ತಿದೆ. ಮೊನೆ ಬಂತು, ಕತ್ತರಿಸಿದೆ, ತೆಗೆದೆ. ಅವರು ಹಲ್ಲು ಕಚ್ಚಿ ಕೂತಿದ್ದರು. ಅರಿಶಿನ ಒತ್ತಿದ ಮೇಲೆ ಹೇಳಿದರು:

"ಕೈ ಭಾಳ ಪಳಗೇದ. ಎಷ್ಟು ಮೀನಿನ ಬಾಯಾಗಿಂದ ತಗದೀ?"

ನಾನು ಇಕ್ಕಳ ಕೆಳಗಿಟ್ಟೆ.

"ನಾಳಿನ ಗಾಡಿಗೆ ನನ್ನ ಹತ್ತಸು."

"ಮಾವನ್ರಿ, ಈ ಒಲಿ ಮ್ಯಾಲೆ ಇವತ್ತಿನ ತನಕ ಅಂಥಾದ್ದು ಏನೂ ಏರಿಲ್ರಿ. ನನ್ನಾಣಿ ಅದ" ಎಂದಳು ಹೆಂಡತಿ. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ನೀರಿನ ತಂಬಿಗೆಯನ್ನು ದೂರ ಸರಿಸಿದರು. ಅವರು ಹೋದರೆ ಇನ್ನು ಬರುವವರಲ್ಲ, ಆ ಕಣ್ಣೂ ಹೋಗುತ್ತದೆ, ಅದೂ ನನ್ನ ಒಂದು ಚಟಕ್ಕೆ. ಅಂಜಿಕೆಗೂ ನನಗೆ ಸಿಟ್ಟೇ ಬರುವುದು. ಕೋಣೆಯಲ್ಲಿ ಆ ಗೋಡೆಯಿಂದ ಈ ಗೋಡೆಗೆ ಓಡಾಡುತ್ತ ಜೋರಾಗಿಯೇ ಅಂದೆ:

"ತಿನ್ನಲಿಕ್ಕೆ ಹಿಡೀಲಿಲ್ರಿ ನಾ! ನನಗ ಎಲ್ಲೂ ಕೂಡಲಿಕ್ಕೆ ಬರೂದಿಲ್ಲ. ಆಫೀಸಿನಾಗ ಬರೂದಿಲ್ಲ, ದೇವರ ಮುಂದ ಬರೂದಿಲ್ಲ, ಈ ಮನ್ಯಾಗ ಬರೂದಿಲ್ಲ. ನಿಮ್ಮಂಗ ಹುಟ್ಟೀನಿ. ಅಲ್ಲಿ ಒಂದ ಕಡೆ ಬರ್ತದ. ಅದಕ್ಕ ಹೋದೆ."

ಅವರ ಮೊಣಕಾಲು ಕುಣಿಯುತ್ತಿತ್ತು.

"ಎಷ್ಟೊತ್ತು ಕೂಡ್ತಿ?"

"ಮುಂಜಾನಿಂದ ಮಧ್ಯಾಹ್ನದ ತನಕ."

"ಅಳ್ಳಾಡದಂಗ?"

"ಅಳ್ಳಾಡದಂಗ."

ಅವರು ಹೆಬ್ಬೆರಳಿನ ಅರಿಶಿನವನ್ನು ತೊಡೆಗೆ ಒರೆಸಿಕೊಂಡರು. "ನನಗ ಕತ್ತೀದು ಅಂಜಿಕಿ ಇಲ್ಲೋ" ಎಂದರು. ದನಿ ಸಣ್ಣದಾಗಿತ್ತು. "ಹತ್ತು ದಿನ ಬಿದ್ದಿರೂದರದ್ದು ಅಂಜಿಕಿ. ನನ್ನಿಂದ ಆಗೂದಿಲ್ಲ. ಕಣ್ಣು ನಾನ ಕೆಡಿಸ್ಕೋತೀನಿ. ಅದಕ್ಕ ಎರಡು ವರ್ಷ ಬರಲಿಲ್ಲ."

ಆ ಮಾತು ಕೇಳಿ ನನ್ನ ಓಡಾಟ ನಿಂತಿತು. ಅವರ ಮುಂದೆ ಕೂತೆ.

"ನಾ ಬಾಜೂಕ ಕೂಡ್ತೀನಿ ಅಪ್ಪಾ. ಹತ್ತು ದಿನಾನೂ. ಕೊಕ್ಕಿ ಎಲ್ಲಾ ನದಿಗಿ ಒಗದ ಬರ್ತೀನಿ."

"ನದಿಗಿ ಒಗೀಬ್ಯಾಡ, ಮೀನ ನುಂಗ್ಯಾವು. ಹಿಡದ ಹೊಟ್ಟಿ ಹೊರಕೊಳ್ಳಾಂವಗ ಕೊಡು."

"ದಾರ?"

"ದಾರ ಏನ ಪಾಪ ಮಾಡೇದ. ಇರಲಿ." ಆಮೇಲೆ ತಂಬಿಗೆ ಎಲ್ಲಿದೆ ಎಂದು ಕೈ ಚಾಚಿದರು.

ಉಳಿದ ಐದು ಕೊಕ್ಕೆಗಳನ್ನು, ಬೆಂಡು ಗುಂಡುಗಳ ಸಮೇತ, ಮರುದಿನ ಭೋಯಿಗೆ ಕೊಟ್ಟೆ. ಅವನು ಅವನ್ನು ಅಂಗೈಯಲ್ಲಿ ಉರುಳಿಸಿ ನೋಡಿ, "ಅಂಗಡಿ ಮುಚ್ಚಿದಿರಾ?" ಎಂದ. ನಾನು ಹೂಂ ಎಂದೆ. ದಂಡೆ ಹತ್ತುವಾಗ ಅಳು ಬಂದಿತ್ತು ಎಂದು ಬರೆಯಲು ನನಗೇನೂ ಸಂಕೋಚವಿಲ್ಲ. ಚಂಚಿಯಲ್ಲಿ ಈಗ ಒಂದು ಸುತ್ತು ದಾರ ಮಾತ್ರ ಉಳಿದಿತ್ತು.

ಕಣ್ಣು ಉಳಿಯಿತು. ಈಗಲೇ ಹೇಳಿಬಿಡುತ್ತೇನೆ, ಕಡೆಯವರೆಗೆ ಹೊಟ್ಟೆಯಲ್ಲಿಟ್ಟುಕೊಳ್ಳುವುದು ನನ್ನಿಂದಾಗದು. ಆಮೇಲೆ ದಪ್ಪ ಕನ್ನಡಕ ಹಾಕಿಕೊಂಡು ಕೆಲವು ವರ್ಷ ಊರಲ್ಲಿ ದಿನಾ ಪತ್ರಿಕೆ ಓದಿದರು, ಅದೂ ಓಡಾಡುತ್ತ. ಆದರೆ ಆ ಹತ್ತು ದಿನದಲ್ಲಿ ನಾಲ್ಕನೆಯ ದಿನ ಆ ಕಣ್ಣು ಹೋಗಿಬಿಡುತ್ತಿತ್ತು.

ಕಚೇರಿಗೆ ರಜೆ ಹಾಕಿ ನಾನು ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತಿದ್ದೆ. ಮೊದಲ ದಿನವೇ ದಾರದ ಒಂದು ತುದಿಯನ್ನು ಅವರ ಗಾಯವಾಗದ ಕೈಬೆರಳಿಗೆ, ಇನ್ನೊಂದನ್ನು ನನ್ನ ಬೆರಳಿಗೆ ಕಟ್ಟಿದ್ದೆ. "ಹೊರಳಬೇಕು ಅನಸಿದ್ರ ಹೊರಳಬ್ಯಾಡ್ರಿ. ದಾರ ಜಗ್ಗ್ರಿ" ಎಂದಿದ್ದೆ. ಅವರು ಮೊದಲ ದಿನ ನೂರು ಸಲ ಜಗ್ಗಿದರು. ಬೆನ್ನು ತುರಿಸುತ್ತದೆ, ಜಗ್ಗು. ನೊಣ ಕೂತಿದೆ, ಜಗ್ಗು. ನಾನಿದ್ದೇನೋ ಇಲ್ಲವೋ, ಜಗ್ಗು. ಎರಡನೆಯ ದಿನ ಕಡಿಮೆಯಾಯಿತು. ಮೂರನೆಯ ದಿನ ದಾರ ಬಹಳ ಹೊತ್ತು ಸಡಿಲವಾಗಿಯೇ ಇತ್ತು.

ನಾಲ್ಕನೆಯ ದಿನ ಮಧ್ಯಾಹ್ನ ವಾರ್ಡಿನಲ್ಲಿ ಎಲ್ಲರೂ ಮಂಪರಿನಲ್ಲಿದ್ದರು. ನಾನು ಕಿಟಕಿಯ ಕಡೆ ನೋಡುತ್ತಿದ್ದೆ. ದಾರ ಮೊದಲು ಸಣ್ಣಗೆ ನಡುಗಿತು. ಅವರು ಬೇಕೆಂದು ಜಗ್ಗುವ ರೀತಿ ಅದಾಗಿರಲಿಲ್ಲ. ಮರುಕ್ಷಣ ಬಿಗಿಯಾಗಿ ಬೆರಳಿಗೆ ಕಚ್ಚಿತು. ಅವರು ನಿದ್ದೆಗಣ್ಣಿನಲ್ಲಿ ಶಾಲೆಗೆ ಹೊತ್ತಾಯಿತೆಂದು ಎದ್ದೇಳಲು ಹೊರಟಿದ್ದರು; ಭುಜ ಆಗಲೇ ಹಾಸಿಗೆ ಬಿಟ್ಟಿತ್ತು. ಯೋಚಿಸುತ್ತ ಕೂತಿದ್ದರೆ ತಡವಾಗುತ್ತಿತ್ತು. ನನ್ನ ಎರಡೂ ಕೈ ತಾವಾಗಿಯೇ ಹೋಗಿ ಅವರ ಭುಜ ಹಿಡಿದು, ಮೆಲ್ಲಗೆ, ತಲೆ ಅಲುಗದ ಹಾಗೆ ಹಾಸಿಗೆಗೆ ಇಳಿಸಿದವು.

ಅವರಿಗೆ ಎಚ್ಚರವಾಯಿತು. ಏನಾಗುತ್ತಿತ್ತು ಎನ್ನುವುದು ತಿಳಿಯಿತು. ದಾರ ಕಟ್ಟಿದ್ದ ಕೈಯಿಂದ ನನ್ನ ಕೈ ಹುಡುಕಿ ಹಿಡಿದುಕೊಂಡರು.

"ಗಾಳಕ್ಕ ಬಿತ್ತೇನೋ?" ಎಂದರು.

"ಬಿತ್ರಿ ಅಪ್ಪಾ. ಭಾಳ ದೊಡ್ಡದು."

ಪಟ್ಟಿಯ ಕೆಳಗೆ ಅವರ ಬಾಯಿ ನಕ್ಕಿತು. ಅವರ ಮೊಣಕಾಲಿನತ್ತ ನೋಡಿದೆ. ಅದು ಕುಣಿಯುತ್ತಿರಲಿಲ್ಲ.

"ಬಿಡಬ್ಯಾಡ ಮತ್ತ" ಎಂದರು.