ಥರ್ಟಿ-ಥರ್ಟಿಯೇ ಸಾಕು

ಮಸ್ಕತ್ತಿನ ಕಂಪನಿ ನನ್ನನ್ನು ಅಮೆರಿಕಕ್ಕೆ ತರಬೇತಿಗೆ ಕಳಿಸುವುದು ಖಚಿತವಾದಾಗ, ನಮ್ಮ ಆಫೀಸಿನ ಅಮೆರಿಕನ್ ಇಂಜಿನಿಯರ್ ನನಗೊಂದು ಆಸೆ ಹಚ್ಚಿದ. ಅದೇ ಹೊತ್ತಿಗೆ ಅವನೂ ರಜೆಯಲ್ಲಿ ಊರಿಗೆ ಹೋಗುವವನಿದ್ದ; ಅಲ್ಲಿ ಅದು ಜಿಂಕೆ ಬೇಟೆಯ ಕಾಲ. “ನೀನೂ ಬಾ, ಲೈಸೆನ್ಸ್ ಮಾಡಿಸೋಣ. ಮನೆಯಲ್ಲಿ ಎರಡು ರೈಫಲ್ ಇವೆ. ಯಾವುದು ಬೇಕು ಹೇಳು, ತೋಟೆ ತರಿಸಿಡುತ್ತೇನೆ” ಎಂದ. ಒಂದು ಸಣ್ಣ ಗುಂಡಿನ ಥರ್ಟಿ-ಥರ್ಟಿ. ಇನ್ನೊಂದು ಬಹಳ ದಪ್ಪ ಗುಂಡಿನ ಫಾರ್ಟಿಫೈವ್-ಸೆವೆಂಟಿ.

ಶುಕ್ರವಾರ ಮಸ್ಕತ್ತಿನ ಹಮ್ರಿಯಾದಲ್ಲಿದ್ದ ನಮ್ಮ ಫ್ಲ್ಯಾಟಿಗೆ ಊಟಕ್ಕೆ ಬಂದ ಗಂಡನ ಗೆಳೆಯರಿಗೆ ವಿಷಯ ತಿಳಿದದ್ದೇ ತಡ, ಜನ್ಮದಲ್ಲಿ ಕೋವಿ ಮುಟ್ಟದವರೆಲ್ಲ ಪಂಡಿತರಾದರು. ಕಾರನ್ನು ಸಿಸಿ ಲೆಕ್ಕದಲ್ಲಿ ಅಳೆಯುವ ಜನ, ಗುಂಡನ್ನೂ ಹಾಗೆಯೇ ಅಳೆದರು.

“ಮೇಡಂ, ಹೊಡೆದ್ರೆ ದೊಡ್ಡದ್ರಲ್ಲೇ ಹೊಡೀಬೇಕು” ಎಂದರು ಮೈಸೂರಿನ ಅಕೌಂಟೆಂಟ್.

“ದೊಡ್ಡದೇ ಇರ್ಲಿ ಮಾರಾಯ್ತಿ, ನಿನ್ನ ಗುರಿ ತಪ್ಪಿದ್ರೂ ಜಿಂಕೆ ಬೀಳ್ತದೆ” ಎಂದು ಗಂಡ ನಕ್ಕರು. “ನಾಳೆ ನಾನೇ ಆ ಇಂಜಿನಿಯರಿಗೆ ಫೋನ್ ಮಾಡಿ ಹೇಳ್ತೇನೆ.”

ನನಗೆ ಮೈಯೆಲ್ಲ ಉರಿಯಿತು. ಕಾಡುಹಂದಿಗಳಿಂದ ತೋಟ ಕಾಯಲು ಅಪ್ಪ ಇಟ್ಟಿದ್ದ ಕೋವಿ ಚಿಕ್ಕಂದಿನಲ್ಲಿ ಒಮ್ಮೆ ನನ್ನ ಹೆಗಲಿಗೆ ಒದ್ದಿತ್ತು. ಅಂದಿನಿಂದ ಪ್ರತಿ ಈಡಿಗೂ ನನ್ನ ಕಣ್ಣು ತಾನಾಗಿ ಮುಚ್ಚುತ್ತಿತ್ತು. “ಕಣ್ಣು ಮುಚ್ಚುವವ್ಳಿಗೆ ಕೋವಿ ಬೇಡ, ಗುರಿ ತಪ್ಪಿ ಪ್ರಾಣಿ ನರಳ್ತದೆ” ಎಂದು ಅಪ್ಪ ಕಿತ್ತುಕೊಂಡವರು ಮತ್ತೆ ಕೊಡಲೇ ಇಲ್ಲ. ಒಮ್ಮೆಯಾದರೂ ಕಣ್ಣು ಬಿಟ್ಟು ಈಡು ಹೊಡೆಯಬೇಕು ಎಂಬ ಹಟ ನನ್ನೊಳಗೆ ಹಾಗೆಯೇ ಉಳಿದಿತ್ತು.

ನೆಲ ಒರೆಸುವ ಕೋಲು ತಂದು ಅಕೌಂಟೆಂಟರ ಕೈಗೆ ಕೊಟ್ಟೆ. ತುದಿಯಲ್ಲೊಂದು ನಾಣ್ಯ ಇಟ್ಟು, ಕ್ಯಾಲೆಂಡರಿಗೆ ಗುರಿ ಹಿಡಿಯಲು ಹೇಳಿದೆ. ಹಿಂದೆ ನಿಂತು ಕುಕ್ಕರಿನ ಮುಚ್ಚಳಕ್ಕೆ ಸೌಟಿನಿಂದ ಬಡಿದೆ. ಅವರು ಬೆಚ್ಚಿದ್ದಕ್ಕೆ ನಾಣ್ಯ ಸೋಫಾದ ಅಡಿಗೆ ಹೋಯಿತು. ಗಂಡನದು ಸಾರಿನ ಪಾತ್ರೆಗೆ ಬಿತ್ತು.

“ಈಗ ನಿಂದು ತೋರ್ಸು” ಎಂದರು ಗಂಡ. ಅವರು ಬಡಿದರು. ನನ್ನದೂ ಬಿತ್ತು. ಎಲ್ಲರೂ ಬಿದ್ದು ಬಿದ್ದು ನಕ್ಕರು.

“ಹೌದು, ನಂಗೂ ಹೆದ್ರಿಕೆಯೇ” ಎಂದೆ. “ಒದೆ ತಿನ್ನುವ ಹೆಗಲು ನಂದು, ಹಾಗಾಗಿ ಆರಿಸುವವಳೂ ನಾನೇ. ಹತ್ರದ ಜಿಂಕೆಗೆ ಥರ್ಟಿ-ಥರ್ಟಿ ಧಾರಾಳ ಸಾಕು. ಕಡಿಮೆ ಒದೀತದೆ, ಕಣ್ಣು ಬಿಟ್ಟು ಹೊಡೀಲಿಕ್ಕೆ ಆಗ್ತದೆ. ಫೋನ್ ನಾನೇ ಮಾಡ್ತೇನೆ. ಖಲಾಸ್.”

ಹೊರಡುವವರೆಗೂ ದಿನಾ ಸಂಜೆ ಕೋಲು ಹಿಡಿದು ನಿಂತೆ. ಮುಚ್ಚಳ ಬಡಿಯುವ ಕೆಲಸ ಗಂಡನಿಗೇ ವಹಿಸಿದೆ. ಪಕ್ಕದ ಫ್ಲ್ಯಾಟಿನವರು ಏನೆಂದುಕೊಂಡರೋ, ನಾನು ಕೇಳಲು ಹೋಗಲಿಲ್ಲ. ದಿನ ಕಳೆದಂತೆ ನಾಣ್ಯ ಬೀಳದೆ ನಿಲ್ಲತೊಡಗಿತು.

ಅಮೆರಿಕದ ಕಾಡಿನಲ್ಲಿ, ಒಂದು ಅಂಗಳ ದಾಟಿದಷ್ಟು ದೂರದಲ್ಲಿ, ಜಿಂಕೆ ಅಡ್ಡಲಾಗಿ ನಿಂತಿತು. ಥರ್ಟಿ-ಥರ್ಟಿಯ ಕುದುರೆ ಎಳೆದೆ. ಹೆಗಲಿಗೆ ಒದೆ ಬಿತ್ತು. ಜಿಂಕೆ ಮುಂಗಾಲು ಮಡಿಸಿ ಕುಸಿದದ್ದನ್ನು, ಅದರ ಕಿವಿ ಕೊನೆಯ ಸಲ ಅಲುಗಿದ್ದನ್ನು, ನಾನು ಪೂರ್ತಿ ನೋಡಿದೆ.