ಜಗಳೂರಿನ ನೆರೆ

“ಕೆಂಚಮ್ಮ!”

ಹಾಜರಿ ಕರೆದಾಗ ಉತ್ತರ ಬರಲಿಲ್ಲ. ಹಿಂದಿನ ಬೆಂಚಿನ ಬಸಕ್ಕ ಎದ್ದು, “ಅಕಿ ನೆರೆದಾಳ್ರೀ ಅಕ್ಕೋರೆ” ಎಂದಳು.

ಕಿಟಕಿಯಾಚೆ ನೋಡಿದೆ. ಜುಲೈ ತಿಂಗಳಲ್ಲೂ ಮೈದಾನದಲ್ಲಿ ಧೂಳು ಏಳುತ್ತಿತ್ತು. “ಈ ಬಿಸಿಲಲ್ಲಿ ಎಲ್ಲಿಯ ನೆರೆ?” ಎಂದೆ. ಹುಡುಗರು ಬೆಂಚು ಬಡಿದು ನಕ್ಕರು. ಹುಡುಗಿಯರು ತಲೆ ತಗ್ಗಿಸಿದರು.

ಕುಂದಾಪುರದ ಹತ್ತಿರದ ನಮ್ಮೂರಿನಲ್ಲಿ ನೆರೆ ಎಂದರೆ ಹೊಳೆ ಉಕ್ಕಿ ಗದ್ದೆಗೆ ನುಗ್ಗುವುದು. ಆಗ ಶಾಲೆಗೆ ರಜೆ. ಜಗಳೂರಿನಲ್ಲಿ ನೆರೆಯುವುದೆಂದರೆ ಹುಡುಗಿ ದೊಡ್ಡವಳಾಗುವುದು. ಈ ರಜೆ ಹೆಚ್ಚಿನವರಿಗೆ ಮುಗಿಯುವುದಿಲ್ಲ.

ಎಪ್ಪತ್ತೆಂಟರಲ್ಲಿ ಇಲ್ಲಿ ಕೆಲಸಕ್ಕೆ ಸೇರಿದಾಗಿನಿಂದ ಕೇಳಿದ ಹೊಸ ಪದಗಳನ್ನು ತಾರೀಖು ಹಾಕಿ ದಿನಚರಿಯಲ್ಲಿ ಬರೆಯುತ್ತಿದ್ದೆ, ಇದು ಹದಿನೇಳನೆಯದು. ಒಬ್ಬಂಟಿ ಹೆಣ್ಣಿಗೆ ಕೋಣೆ ಕೊಡಲು ಇಬ್ಬರು ಮನೆಮಾಲೀಕರು ಒಪ್ಪಿರಲಿಲ್ಲ. ಕುಚ್ಚಲಕ್ಕಿ ಗಂಜಿಯ ಬಾಯಿಗೆ ರಾಗಿಮುದ್ದೆ ಇಳಿಯುತ್ತಿರಲಿಲ್ಲ. ಅಗಿಯದೆ ನುಂಗಬೇಕೆಂದು ತಿಳಿಯಲು ವಾರ ಹಿಡಿಯಿತು. ನನಗೆ ನೆಮ್ಮದಿ ಇದ್ದದ್ದು ಒಂಬತ್ತನೇ ತರಗತಿಯಲ್ಲಿ ಮಾತ್ರ. ಅಲ್ಲಿ ಬೀಜಗಣಿತದ ಉತ್ತರವನ್ನು ನಾನು ಬರೆಯುವ ಮೊದಲೇ ಹೇಳುತ್ತಿದ್ದವಳು ಕೆಂಚಮ್ಮ.

ಭಾನುವಾರ ಅವಳ ಮನೆಗೆ ಹೋದೆ. ಅಂಗಳದಲ್ಲಿ ನೆರೆದವಳನ್ನು ಕೂರಿಸಲು ಹಸಿರು ಸೊಪ್ಪಿನ ಪುಟ್ಟ ಗುಡ್ಲು. ಹೊನ್ನಾಳಿ ಕಡೆಯ ಸೋದರಮಾವ ಬಂದು ಹಾಕಿದ್ದು. ಅವನಿಗೇ ಕೆಂಚಮ್ಮನನ್ನು ಕೊಡುವ ಮಾತಾಗಿತ್ತು. ಒಳಗಿನಿಂದ ಅವಳೇ ಕೇಳಿದಳು: “ಅಕ್ಕೋರೆ, ಪಾಠ ಎಲ್ಲಿಗೆ ಬಂತ್ರೀ?”

“ಅವಳನ್ನು ಶಾಲೆಗೆ ಕಳಿಸಿ” ಎಂದು ತಾಯಿಯನ್ನು ಬೇಡಿದೆ.

“ದೊಡ್ಡಾಕಿ ಆದ್ಮೇಲೆ ಗಂಡುಡುಗ್ರ ಜೊತಿ ಕೂರ್ಸಾಕೆ ಆಗಲ್ರೀ.”

“ಚೆನ್ನಾಗಿ ಓದುತ್ತಾಳಮ್ಮ. ನನ್ನ ಹಾಗೆ ಕೆಲಸ ಸಿಗಬಹುದು.”

ಆಕೆ ನನ್ನ ಬರಿಗೊರಳನ್ನು ನೋಡಿದಳು. “ನಿಮ್ಮವ್ವ ಎಲ್ಲವ್ರೆ?”

“ಊರಲ್ಲಿ.”

“ಜ್ವರ ಬಂದ್ರೆ ನಿಮ್ಗೆ ಗಂಜಿ ಕಾಯ್ಸೋರು ಯಾರು?”

ನಾನು ಸೆರಗನ್ನು ಕೊರಳಿಗೆ ಎಳೆದುಕೊಂಡೆ. “ಓದ್ಸಿ ಮಗಳನ್ನ ಹಿಂಗೆ ಒಂಟಿಯಾಗಿ ದೂರ ಕಳ್ಸಾಕೆ ನನ್ಗೆ ಧೈರ್ಯ ಇಲ್ರೀ, ಅಕ್ಕೋರೆ” ಎಂದು ಆಕೆ ನನ್ನ ಕೈಗೆ ಕೊಬ್ಬರಿ, ಬೆಲ್ಲ ಇಟ್ಟಳು. ಶ್ರಾವಣದಲ್ಲಿ ಮದುವೆಯಾಯಿತು.

ಮರುವರ್ಷ ದಸರಾ ರಜೆ ಮುಗಿಸಿ ನಮ್ಮೂರಿನಿಂದ ವಾಪಸಾಗುತ್ತಿದ್ದಾಗ ಬಸ್ಸು ಹೊನ್ನಾಳಿಯಲ್ಲಿ ನಿಂತಿತು. “ಅಕ್ಕೋರೆ!” ಎಂದು ಯಾರೋ ಕಿಟಕಿ ತಟ್ಟಿದರು. ಕೆಂಚಮ್ಮ. ಸೀರೆಯಲ್ಲಿ ಗುರುತೇ ಸಿಗಲಿಲ್ಲ, ಕೆನ್ನೆ ಒಳಸೇರಿತ್ತು.

“ಊರಿಗೆ ಹೊಂಟ್ರಾ?”

“ಹೂಂ, ಊರಿಗೆ” ಎಂದೆ. ಮರುಗಳಿಗೆಯೇ ಗೊಂದಲವಾಯಿತು. ಊರಿನಿಂದಲೇ ಅಲ್ಲವೇ ಬರುತ್ತಿದ್ದುದು?

“ನಮ್ಮೂರಿಗೇನ್ರೀ?” ಅವಳ ಮುಖ ಅರಳಿತು.

“ಹೌದು, ಜಗಳೂರಿಗೆ.”

“ಹಂಗಾದ್ರೆ ನಮ್ಮವ್ವನ ಕಂಡು ಹೇಳ್ರಿ, ಮಗಳು ಚೆನ್ನಾಗಿದಾಳೆ ಅಂತ.”

“ಚೆನ್ನಾಗಿದ್ದೀಯಾ ಕೆಂಚಮ್ಮ?”

ಬಸ್ಸು ಹೊರಟಿತು. ಕಿಟಕಿಯ ಸರಳು ಹಿಡಿದೇ ನಾಲ್ಕು ಹೆಜ್ಜೆ ಬಂದಳು.

“ಅಷ್ಟೇ ಹೇಳ್ರಿ, ಅಕ್ಕೋರೆ.”